ಬಾತುಕೋಳಿ ಏಕೆ ಬೀಳಲಿಲ್ಲ?

ಕಳೆದ ಬೇಸಿಗೆ ರಜೆಯಲ್ಲಿ ಊರಿನ ಮನೆಯ ಅಟ್ಟ ಗುಡಿಸುವಾಗ ಒಂದು ರಟ್ಟಿನ ಪೆಟ್ಟಿಗೆ ಸಿಕ್ಕಿತು. ಒಳಗೆ ಮೂವತ್ತು ವರ್ಷ ಹಳೆಯದಾದ ವಿಡಿಯೊ ಗೇಮ್ ಯಂತ್ರ, ಎರಡು ಕಂಟ್ರೋಲರ್, ಹಳದಿ ಬಣ್ಣದ ನಾಲ್ಕು ಕ್ಯಾಸೆಟ್ ಮತ್ತು ಒಂದು ಪ್ಲಾಸ್ಟಿಕ್ ಬಂದೂಕು. ಅಡಾಪ್ಟರ್ ಸತ್ತಿತ್ತು. ಪೇಟೆಯಿಂದ ಬೇರೊಂದನ್ನು ತಂದು ಜೋಡಿಸಿದ್ದಾಯಿತು. ಗೋಡೆಗೆ ತೂಗುಹಾಕಿದ ಹೊಸ ತೆಳು ಟಿವಿಯಲ್ಲಿ ಚಿತ್ರ ಮೂಡಿದಾಗ ಮನೆಯವರೆಲ್ಲ ಒಟ್ಟಿಗೆ ಕೂಗಿದೆವು.

ತಂಗಿಯ ಮಗ, ಹನ್ನೊಂದು ವರ್ಷದ ಹುಡುಗ, ಬಂದೂಕು ಎತ್ತಿಕೊಂಡ. ಪರದೆಯ ಹುಲ್ಲಿನ ಮರೆಯಿಂದ ಬಾತುಕೋಳಿ ಹಾರಿತು. ಗುರಿಯಿಟ್ಟು ಗುಂಡು ಹಾರಿಸಿದ. ಕೋಳಿ ಬೀಳಲಿಲ್ಲ. ಮತ್ತೆ ಹಾರಿಸಿದ, ಬೀಳಲಿಲ್ಲ. ಪರದೆಗೆ ಬಂದೂಕಿನ ಮೂತಿ ತಾಗಿಸಿಯೇ ಹಾರಿಸಿದರೂ ಕೋಳಿ ನಿಶ್ಚಿಂತೆಯಿಂದ ಹಾರಿಹೋಯಿತು. ಹುಲ್ಲಿನಿಂದ ತಲೆ ಎತ್ತಿದ ನಾಯಿ ಬಾಯಿಗೆ ಕೈ ಅಡ್ಡ ಹಿಡಿದು ಕಿಸಿಕಿಸಿ ನಕ್ಕಿತು. ‘ಮಾಮ, ನಿಮ್ಮ ಗನ್ನು ಕೆಟ್ಟೋಗಿದೆ’ ಎಂದ ಹುಡುಗ.

ನಾನೂ ಹಾಗೆಯೇ ತಿಳಿದೆ. ಬಂದೂಕು ಬಿಚ್ಚಿದೆ, ಒರೆಸಿದೆ, ತಂತಿಗಳನ್ನು ನೋಡಿದೆ. ಎಲ್ಲವೂ ಸರಿಯಾಗಿಯೇ ಇತ್ತು. ಕೆಟ್ಟಿದ್ದು ಬಂದೂಕಲ್ಲ, ಬದಲಾಗಿದ್ದು ಟಿವಿ. ಆ ಪುಟ್ಟ ಸೋಲಿನ ಕಾರಣ ಹುಡುಕುತ್ತ ಹೋದಾಗ, ನನ್ನ ತಲೆಮಾರು ಆಡಿ ಬೆಳೆದ ಆಟಗಳ ಇತಿಹಾಸವೇ ಎದುರಾಯಿತು. ಜೊತೆಗೆ ಆ ಇತಿಹಾಸ ಎಷ್ಟು ಬೇಗ ಅಳಿಸಿಹೋಗುತ್ತಿದೆ ಎಂಬುದೂ ತಿಳಿಯಿತು.

ಬಂದೂಕಿನ ಗುಟ್ಟು

ಆ ಆಟದ ಹೆಸರು ‘ಡಕ್ ಹಂಟ್’. ಜಪಾನಿನ ನಿಂಟೆಂಡೊ ಕಂಪನಿ ಅದನ್ನು ಹೊರತಂದದ್ದು 1984ರಲ್ಲಿ. ಬಂದೂಕಿನಿಂದ ಏನೋ ಕಿರಣ ಹೊರಟು ಟಿವಿಗೆ ತಾಗುತ್ತದೆ ಎಂದು ನಾವೆಲ್ಲ ಬಾಲ್ಯದಲ್ಲಿ ನಂಬಿದ್ದೆವು. ವಾಸ್ತವವಾಗಿ ನಡೆಯುವುದು ಇದಕ್ಕೆ ತದ್ವಿರುದ್ಧ. ಬಂದೂಕು ಏನನ್ನೂ ಹಾರಿಸುವುದಿಲ್ಲ. ಅದರ ಮೂತಿಯಲ್ಲಿರುವುದು ಬೆಳಕನ್ನು ಗುರುತಿಸುವ ಒಂದು ಪುಟ್ಟ ಕಣ್ಣು ಅಷ್ಟೆ.

ಗುಂಡಿ ಅದುಮಿದೊಡನೆ ಯಂತ್ರವು ಇಡೀ ಪರದೆಯನ್ನು ಕ್ಷಣದ ಒಂದಂಶದಷ್ಟು ಕಾಲ ಕಪ್ಪಾಗಿಸುತ್ತದೆ. ಮರುಕ್ಷಣ ಬಾತುಕೋಳಿ ಇರುವ ಜಾಗದಲ್ಲಿ ಮಾತ್ರ ಒಂದು ಬಿಳಿ ಚೌಕವನ್ನು ಮೂಡಿಸುತ್ತದೆ. ಬಂದೂಕಿನ ಕಣ್ಣಿಗೆ ಮೊದಲು ಕತ್ತಲೆ, ಬಳಿಕ ಬೆಳಕು ಕಂಡರೆ ಗುರಿ ಸರಿ ಎಂದು ಲೆಕ್ಕ. ಇದೆಲ್ಲ ಎಷ್ಟು ಬೇಗ ಮುಗಿಯುತ್ತದೆಂದರೆ ನಮಗೆ ಒಂದು ಮಿಣುಕು ಮಾತ್ರ ಕಾಣುತ್ತದೆ.

ಈ ಲೆಕ್ಕಾಚಾರವೆಲ್ಲ ಹಳೆಯ ಗಾಜಿನ ಟ್ಯೂಬಿನ ಟಿವಿಯನ್ನು ನಂಬಿದ್ದು. ಆ ಟಿವಿಯಲ್ಲಿ ಎಲೆಕ್ಟ್ರಾನುಗಳ ಕಿರಣವೊಂದು ಸೆಕೆಂಡಿಗೆ ಐವತ್ತು ಅರವತ್ತು ಸಲ, ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಚಿತ್ರ ಬರೆಯುತ್ತಿತ್ತು. ಯಂತ್ರ ಕಳಿಸಿದ ಸಂಕೇತ ತಡವಿಲ್ಲದೆ ಪರದೆಯಲ್ಲಿ ಮೂಡುತ್ತಿತ್ತು. ಇಂದಿನ ತೆಳು ಟಿವಿ ಹಾಗಲ್ಲ. ಬಂದ ಚಿತ್ರವನ್ನು ಮೊದಲು ತನ್ನ ಸ್ಮರಣೆಯಲ್ಲಿಟ್ಟುಕೊಂಡು, ತಿದ್ದಿ ತೀಡಿ, ಆಮೇಲೆ ತೋರಿಸುತ್ತದೆ. ಆ ತಡ ಕಣ್ಣೆವೆಯಿಕ್ಕುವುದಕ್ಕಿಂತ ಕಡಿಮೆ. ಆದರೆ ಬಂದೂಕಿನ ಕಣ್ಣಿಗೆ ಅಷ್ಟು ಸಾಕು. ಬಿಳಿ ಚೌಕ ಬರುವ ಹೊತ್ತಿಗೆ ಅದರ ಕಾಯುವ ವೇಳೆ ಮುಗಿದಿರುತ್ತದೆ. ಕೋಳಿ ಬದುಕಿತು!

ಒಂದು ಪುಸ್ತಕಕ್ಕೆ ಬೇಕಾದದ್ದು ಬೆಳಕು ಮತ್ತು ಅಕ್ಷರಜ್ಞಾನ. ಆಟಕ್ಕೆ ಹಾಗಲ್ಲ. ಅದು ಕ್ಯಾಸೆಟ್ಟಿನಲ್ಲಿ ಮಾತ್ರ ಇರುವುದಿಲ್ಲ; ಯಂತ್ರ, ಟಿವಿ, ಕಂಟ್ರೋಲರ್, ಆಡುವವನ ಬೆರಳು ಇವೆಲ್ಲ ಸೇರಿದಾಗ ಮಾತ್ರ ಅದು ಇರುತ್ತದೆ. ಒಂದು ಕಳಚಿದರೂ ಆಟವಿಲ್ಲ.

ಹೂಳಿಟ್ಟ ಉದ್ಯಮ

ಮನೆಯ ಟಿವಿಗೆ ಜೋಡಿಸಿ ಆಡುವ ಮೊದಲ ಯಂತ್ರ ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು 1972ರಲ್ಲಿ. ಹೆಸರು ‘ಮ್ಯಾಗ್ನಾವಾಕ್ಸ್ ಒಡಿಸ್ಸಿ’. ಅದರ ಹಿಂದಿದ್ದವನು ರಾಲ್ಫ್ ಬೇರ್ ಎಂಬ ಎಂಜಿನಿಯರ್. ಆ ಯಂತ್ರಕ್ಕೆ ಸದ್ದಿರಲಿಲ್ಲ. ಪರದೆಯಲ್ಲಿ ಓಡಾಡುತ್ತಿದ್ದದ್ದು ಬಿಳಿ ಚುಕ್ಕೆಗಳು ಮಾತ್ರ. ಮೈದಾನ, ಬಣ್ಣ ಮುಂತಾದವು ಬೇಕಿದ್ದರೆ ಚಿತ್ರ ಮುದ್ರಿಸಿದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಟಿವಿಯ ಗಾಜಿಗೆ ಅಂಟಿಸಿಕೊಳ್ಳಬೇಕಿತ್ತು.

1976ರಲ್ಲಿ ಜೆರ್ರಿ ಲಾಸನ್ ಎಂಬ ಕಪ್ಪು ಜನಾಂಗದ ಎಂಜಿನಿಯರನ ನೇತೃತ್ವದ ತಂಡವು ‘ಚಾನೆಲ್ ಎಫ್’ ಎಂಬ ಯಂತ್ರವನ್ನು ರೂಪಿಸಿತು. ಆಟವನ್ನು ಬೇರೆ ಚಿಪ್ಪಿನಲ್ಲಿಟ್ಟು, ಕ್ಯಾಸೆಟ್ ಬದಲಾಯಿಸಿ ಹೊಸ ಆಟ ಆಡುವ ಪದ್ಧತಿ ಮೊದಲಾದದ್ದು ಅಲ್ಲಿಂದ. ಮರುವರ್ಷ ಬಂದ ಅಟಾರಿ ಕಂಪನಿಯ ಯಂತ್ರ ಅದನ್ನು ಮನೆಮನೆಗೆ ಒಯ್ದಿತು. ಆ ಅಟಾರಿ ಯಂತ್ರದ ಕಾರ್ಯಸ್ಮರಣೆ ಎಷ್ಟು ಗೊತ್ತೆ? ಬರೀ 128 ಬೈಟ್. ಇಂದಿನ ಫೋನುಗಳಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಅಂದರೆ ಅಷ್ಟು ಜಾಗದಲ್ಲಿ ಒಂದು ಸಾಧಾರಣ ಕನ್ನಡ ವಾಕ್ಯವೂ ಹಿಡಿಸದು!

ಹಣ ಹರಿದುಬಂದಾಗ ಅವಸರವೂ ಬಂತು. ಯಾರು ಬೇಕಾದರೂ ಆಟ ತಯಾರಿಸಿ ಮಾರುಕಟ್ಟೆಗೆ ಸುರಿಯತೊಡಗಿದರು. 1982ರಲ್ಲಿ ‘ಇ.ಟಿ.’ ಚಲನಚಿತ್ರ ಜಯಭೇರಿ ಬಾರಿಸಿದಾಗ, ಕ್ರಿಸ್‌ಮಸ್ ವ್ಯಾಪಾರಕ್ಕೆಂದು ಅದರ ಆಟವನ್ನು ಅಟಾರಿ ಐದೇ ವಾರಗಳಲ್ಲಿ ಒಬ್ಬನಿಂದ ಬರೆಯಿಸಿತು. ಕ್ಯಾಸೆಟ್ಟುಗಳು ರಾಶಿ ರಾಶಿಯಾಗಿ ಉಳಿದವು. 1983ರ ಸೆಪ್ಟೆಂಬರಿನಲ್ಲಿ ಮಾರಾಟವಾಗದ ಸರಕನ್ನು ಲಾರಿಗಳಲ್ಲಿ ತುಂಬಿ ನ್ಯೂ ಮೆಕ್ಸಿಕೊ ರಾಜ್ಯದ ಅಲಮೊಗೊರ್ಡೊ ಎಂಬ ಊರಿನ ಕಸದ ಗುಂಡಿಯಲ್ಲಿ ಹೂಳಲಾಯಿತು. ಇದು ಕಟ್ಟುಕಥೆ ಎಂದೇ ಬಹಳ ಜನ ನಂಬಿದ್ದರು. 2014ರ ಏಪ್ರಿಲಿನಲ್ಲಿ ಅಗೆದು ನೋಡಿದಾಗ ಜಜ್ಜಿಹೋದ ಕ್ಯಾಸೆಟ್ಟುಗಳು ಮೇಲೆದ್ದು ಬಂದವು. ಅವುಗಳಲ್ಲೊಂದು ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹದಲ್ಲಿದೆ.

1983ರಲ್ಲಿ ಸುಮಾರು 320 ಕೋಟಿ ಡಾಲರ್ ಇದ್ದ ಅಮೆರಿಕದ ಗೃಹ ವಿಡಿಯೊ ಗೇಮ್ ವಹಿವಾಟು ಎರಡೇ ವರ್ಷಗಳಲ್ಲಿ 10 ಕೋಟಿ ಡಾಲರಿಗೆ ಇಳಿಯಿತು ಎಂದು ಅಂದಾಜು. ಈ ಆಟಗಳು ಒಂದು ಹುಚ್ಚು, ಬಂದಂತೆ ಹೋಯಿತು ಎಂದು ಅಂಗಡಿಯವರು ಕೈತೊಳೆದುಕೊಂಡರು.

ಕ್ಯೋಟೊದಿಂದ ನಮ್ಮೂರಿಗೆ

ಅದೇ 1983ರ ಜುಲೈ 15ರಂದು ಜಪಾನಿನಲ್ಲಿ ಕೆಂಪು ಬಿಳಿ ಬಣ್ಣದ ಒಂದು ಯಂತ್ರ ಮಾರಾಟಕ್ಕೆ ಬಂತು. ಬೆಲೆ 14,800 ಯೆನ್. ಹೆಸರು ‘ಫ್ಯಾಮಿಲಿ ಕಂಪ್ಯೂಟರ್’. ಜನರ ಬಾಯಲ್ಲಿ ‘ಫ್ಯಾಮಿಕಾಮ್’. ತಯಾರಿಸಿದ ನಿಂಟೆಂಡೊ ಕಂಪನಿ 1889ರಲ್ಲಿ ಕ್ಯೋಟೊ ನಗರದಲ್ಲಿ ಇಸ್ಪೀಟಿನಂಥ ‘ಹನಫುದ’ ಎಲೆಗಳನ್ನು ಮಾಡಿ ಮಾರಲು ಹುಟ್ಟಿದ್ದು. ಯಂತ್ರದ ವಿನ್ಯಾಸಕಾರ ಮಸಾಯುಕಿ ಉಎಮುರ. ಅಮೆರಿಕದಲ್ಲಿ ‘ವಿಡಿಯೊ ಗೇಮ್’ ಎಂಬ ಮಾತಿಗೇ ಅಂಗಡಿಯವರು ಬಾಗಿಲು ಹಾಕುತ್ತಿದ್ದುದರಿಂದ, 1985ರಲ್ಲಿ ಅಲ್ಲಿಗೆ ಒಯ್ಯುವಾಗ ಬೂದು ಬಣ್ಣ ಕೊಟ್ಟು, ವಿಸಿಆರ್‌ನಂತೆ ಮುಂದಿನಿಂದ ಕ್ಯಾಸೆಟ್ ತೂರಿಸುವ ಹಾಗೆ ಮಾಡಿ, ‘ಎಂಟರ್‌ಟೈನ್‌ಮೆಂಟ್ ಸಿಸ್ಟಮ್’ ಎಂದು ಹೆಸರಿಟ್ಟರು. ಎರಡೂ ರೂಪಗಳಲ್ಲಿ ಸೇರಿ ಆರು ಕೋಟಿಗೂ ಹೆಚ್ಚು ಯಂತ್ರಗಳು ಮಾರಾಟವಾದವು.

ನಮ್ಮ ಅಟ್ಟದ ಯಂತ್ರ ಆ ಆರು ಕೋಟಿಯಲ್ಲಿ ಸೇರಿಲ್ಲ. ಅದು ನಕಲು. 1990ರ ದಶಕದಲ್ಲಿ ಕರ್ನಾಟಕದ ಊರುಗಳಲ್ಲಿ ‘ಟಿವಿ ಗೇಮ್’ ಎಂದು ಮಾರಾಟವಾದವುಗಳಲ್ಲಿ ಬಹುಪಾಲು ಫ್ಯಾಮಿಕಾಮಿನ ನಕಲುಗಳೇ. ಹಳದಿ ಕ್ಯಾಸೆಟ್ಟನ್ನು ಬಿಚ್ಚಿದರೆ ಒಳಗೆ ಹಸಿರು ಹಲಗೆಯ ಮೇಲೆ ಕಪ್ಪು ಅಂಟಿನ ಒಂದು ಬೊಟ್ಟು, ಅದರಡಿ ಚಿಪ್ಪು. ಮೇಲೆ ‘9999 ಆಟಗಳು’ ಎಂದು ಅಚ್ಚಾಗಿರುತ್ತಿತ್ತು. ಎಣಿಸಿದರೆ ಹತ್ತಾರು ಆಟಗಳೇ ಬೇರೆ ಬೇರೆ ಹೆಸರಿನಲ್ಲಿ ಸುತ್ತಿ ಸುತ್ತಿ ಬರುತ್ತಿದ್ದವು. ಅನೇಕ ಆಟಗಳ ಶೀರ್ಷಿಕೆಯ ಪರದೆಯಿಂದ ಮೂಲ ಕಂಪನಿಯ ಹೆಸರನ್ನೇ ಒರೆಸಿಹಾಕಿರುತ್ತಿದ್ದರು. ಹೀಗಾಗಿ ಮಾರಿಯೊನನ್ನು ನಮ್ಮೂರಿನ ಎಲ್ಲ ಹುಡುಗರೂ ಬಲ್ಲರು. ಅವನನ್ನು ಸೃಷ್ಟಿಸಿದ ಶಿಗೆರು ಮಿಯಾಮೊಟೊ ಯಾರಿಗೂ ಗೊತ್ತಿರಲಿಲ್ಲ. ಕರ್ತೃವಿನ ಹೆಸರಿಲ್ಲದ ಜನಪದ ಕಥೆಯಂತೆ ಆ ಆಟಗಳು ನಮ್ಮಲ್ಲಿಗೆ ಬಂದವು.

ಜನಪದವೆಂದದ್ದು ಬರೀ ಹೋಲಿಕೆಗಲ್ಲ. ‘ಕಾಂಟ್ರಾ’ ಆಟದಲ್ಲಿ ಮೂವತ್ತು ಜೀವ ಪಡೆಯುವ ಮಂತ್ರ ನಮ್ಮ ಕೇರಿಯ ಎಲ್ಲರಿಗೂ ಬಾಯಿಪಾಠವಿತ್ತು: ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಅದನ್ನು ಯಾವ ಪುಸ್ತಕದಲ್ಲೂ ಓದಿದವರಲ್ಲ ನಾವು. ಒಬ್ಬರಿಂದೊಬ್ಬರಿಗೆ ಕಿವಿಯಿಂದ ಕಿವಿಗೆ ಬಂದದ್ದು. ಈ ಗುಂಡಿಗಳ ಸರಣಿಯನ್ನು ಮೊದಲಿಗೆ ಸೇರಿಸಿದವನು ಕೊನಾಮಿ ಕಂಪನಿಯ ಕಝುಹಿಸಾ ಹಶಿಮೊಟೊ. 1986ರಲ್ಲಿ ‘ಗ್ರೇಡಿಯಸ್’ ಎಂಬ ಆಟವನ್ನು ಫ್ಯಾಮಿಕಾಮಿಗೆ ಇಳಿಸುವಾಗ, ಆಟ ತೀರ ಕಷ್ಟವೆನಿಸಿ ಪರೀಕ್ಷಿಸಿ ನೋಡಲು ತನಗೇ ಒಂದು ಸುಲಭದ ದಾರಿ ಮಾಡಿಕೊಂಡ. ಅದು ಆಟದಲ್ಲಿ ಹಾಗೆಯೇ ಉಳಿಯಿತು. ಮುಂದೆ ಆ ಕಂಪನಿಯ ಇತರ ಆಟಗಳಿಗೂ ಹಬ್ಬಿತು. ಹಶಿಮೊಟೊ ತೀರಿಕೊಂಡದ್ದು 2020ರಲ್ಲಿ.

ಕ್ಯಾಸೆಟ್ ಓಡದಿದ್ದರೆ ಬಾಯಿಗಿಟ್ಟು ಊದುವುದೂ ಜಗತ್ತಿನಾದ್ಯಂತ ಇದ್ದ ಸಂಪ್ರದಾಯವೇ. ಅಮೆರಿಕದ ಮಕ್ಕಳೂ ಊದಿದರು, ನಾವೂ ಊದಿದೆವು. ಅದರಿಂದ ಉಪಯೋಗವಾಗುತ್ತಿತ್ತೆ? ಇಲ್ಲ. ಕೆಲಸ ಮಾಡುತ್ತಿದ್ದದ್ದು ಕ್ಯಾಸೆಟ್ ತೆಗೆದು ಮತ್ತೆ ಹಾಕುವ ಕ್ರಿಯೆ. ಆಗ ಲೋಹದ ಹಲ್ಲುಗಳು ಸರಿಯಾಗಿ ಕಚ್ಚಿಕೊಳ್ಳುತ್ತಿದ್ದವು. ಉಸಿರಿನ ತೇವದಿಂದ ಆದದ್ದು ಹಾನಿಯೇ. ನಮ್ಮ ನಾಲ್ಕು ಕ್ಯಾಸೆಟ್ಟುಗಳಲ್ಲಿ ಒಂದರ ಹಲ್ಲುಗಳು ಹಸಿರುಗಟ್ಟಿ ತಿಂದುಹೋಗಿವೆ. ಅದರಲ್ಲಿ ನನ್ನ ಉಸಿರಿನ ಪಾಲೂ ಇದೆ.

ಬಡತನದ ಕಲೆ

ಈ ಹಳೆಯ ಆಟಗಳನ್ನು ಈಗ ಮತ್ತೆ ಆಡಿದಾಗ ಎದ್ದು ಕಾಣುವುದು ಅವುಗಳ ಬಡತನ. ಆ ಬಡತನವನ್ನು ಗೆದ್ದ ಜಾಣತನವೂ ಅಲ್ಲೇ ಕಾಣುತ್ತದೆ. 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಆಟದ ಒಟ್ಟು ಗಾತ್ರ 40 ಕಿಲೊಬೈಟ್. ಎಂಟು ಲೋಕ, ಮೂವತ್ತೆರಡು ಹಂತ, ಚಿತ್ರ, ಸಂಗೀತ ಎಲ್ಲ ಅಷ್ಟರಲ್ಲೇ ಇವೆ. ನೀವು ಓದುತ್ತಿರುವ ಈ ಲೇಖನವನ್ನು ಕಂಪ್ಯೂಟರಿನಲ್ಲಿ ಇಡಲು ಅದಕ್ಕಿಂತ ಹೆಚ್ಚು ಜಾಗ ಬೇಕು.

ಹೇಗೆ ಸಾಧ್ಯವಾಯಿತು? ಆಕಾಶದ ಮೋಡವನ್ನೂ ನೆಲದ ಪೊದೆಯನ್ನೂ ಒಮ್ಮೆ ಗಮನವಿಟ್ಟು ನೋಡಿ. ಎರಡೂ ಒಂದೇ ಚಿತ್ರ. ಬಿಳಿ ಬಳಿದರೆ ಮೋಡ, ಹಸಿರು ಬಳಿದರೆ ಪೊದೆ. ಮಾರಿಯೊನ ಮೀಸೆ ಮತ್ತು ಟೋಪಿಯ ಕಥೆಯೂ ಇಂಥದ್ದೇ. 1981ರ ‘ಡಾಂಕಿ ಕಾಂಗ್’ ಆಟಕ್ಕಾಗಿ ಮಿಯಾಮೊಟೊ ಈ ಪಾತ್ರವನ್ನು ಬಿಡಿಸುವಾಗ ಸಿಕ್ಕದ್ದು ಬೆರಳೆಣಿಕೆಯ ಚುಕ್ಕೆಗಳು. ಅಷ್ಟರಲ್ಲಿ ಬಾಯಿ ಬಿಡಿಸುವುದು ಕಷ್ಟ, ಮೀಸೆ ಇಟ್ಟ. ಕೂದಲು ಬಿಡಿಸುವುದು ಕಷ್ಟ, ಟೋಪಿ ಹಾಕಿದ. ಕೈ ಬೀಸುವುದು ಎದ್ದು ಕಾಣಬೇಕು. ಅಂಗಿಗೆ ಒಂದು ಬಣ್ಣ, ಮೇಲುಡುಪಿಗೆ ಇನ್ನೊಂದು ಬಣ್ಣ ಕೊಟ್ಟ. ಜಗತ್ತಿಗೆಲ್ಲ ಪರಿಚಿತವಾದ ಆ ಮುಖ ಹುಟ್ಟಿದ್ದು ಹೀಗೆ.

ಸಂಗೀತವೂ ಅಷ್ಟೆ. ಫ್ಯಾಮಿಕಾಮಿನ ಧ್ವನಿವಿಭಾಗದಲ್ಲಿ ಇದ್ದದ್ದು ಐದು ಎಳೆಗಳು. ರಾಗಕ್ಕೆ ಎರಡು, ಕೆಳದನಿಗೆ ಒಂದು, ತಾಳದ ಸದ್ದಿಗೆ ಒಂದು, ಮುದ್ರಿತ ಧ್ವನಿಯ ತುಣುಕಿಗೆ ಒಂದು. ಈ ಪುಟ್ಟ ಮೇಳಕ್ಕೆ ಕೋಜಿ ಕೊಂಡೊ ಹಾಕಿದ ಮಾರಿಯೊ ರಾಗವನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2023ರಲ್ಲಿ ತನ್ನ ಸಂರಕ್ಷಿತ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ವಿಡಿಯೊ ಗೇಮಿನ ಸಂಗೀತವೊಂದು ಆ ಪಟ್ಟಿ ಸೇರಿದ್ದು ಅದೇ ಮೊದಲು.

ಸ್ಮರಣೆ ಹೆಚ್ಚಾದಂತೆ ಕಲೆ ಕಡಿಮೆಯಾಯಿತು ಎಂದು ನಾನು ಹೇಳುತ್ತಿಲ್ಲ. ಇಂದಿನ ಆಟಗಳಲ್ಲೂ ಅದ್ಭುತಗಳಿವೆ. ಆದರೆ ಇಲ್ಲಿ ಪ್ರತಿ ಚುಕ್ಕೆಯೂ ಯಾರೋ ಒಬ್ಬರು ಕೂತು ಯೋಚಿಸಿ ಇಟ್ಟದ್ದು. ಸಣ್ಣ ಹಿತ್ತಿಲಿನಲ್ಲಿ ಒಂದು ಗಿಡವನ್ನೂ ವ್ಯರ್ಥ ನೆಡದ ಗೃಹಿಣಿಯ ಲೆಕ್ಕಾಚಾರದಂತೆ ಇದು. ನೋಡಿ ತಿಳಿಯುವುದಕ್ಕಿಂತ ಆಡಿ ತಿಳಿಯಬೇಕಾದದ್ದು. ಮಾರಿಯೊ ಓಡುತ್ತ ನಿಲ್ಲಲು ಹೋದಾಗ ತುಸು ಜಾರುತ್ತಾನಲ್ಲ, ಆ ಜಾರು ಎಷ್ಟೆಂಬುದು ಬೆರಳಿಗೆ ಮಾತ್ರ ಗೊತ್ತು.

ಆಡುವ ಕಷ್ಟ, ಆಡುವ ಸುಖ

ಹಾಗೆಂದು ಹಳೆಯದೆಲ್ಲ ಚಿನ್ನವಲ್ಲ. ಮತ್ತೆ ಆಡುವಾಗ ನನಗೆ ಸಿಟ್ಟು ಬಂದದ್ದೂ ಉಂಟು. ಅನೇಕ ಆಟಗಳು ಅನ್ಯಾಯ ಎನಿಸುವಷ್ಟು ಕಷ್ಟ. ಅದಕ್ಕೆ ಕಾರಣವೂ ಇದೆ. ಆಟದ ಉದ್ದ ಕಡಿಮೆ. ಬೇಗ ಮುಗಿದರೆ ಕೊಂಡವನಿಗೆ ನಷ್ಟವಾದಂತೆ ಅನಿಸೀತು. ಆದ್ದರಿಂದ ದಾರಿಯನ್ನೇ ದುರ್ಗಮ ಮಾಡಿದರು. ‘ಘೋಸ್ಟ್ಸ್ ಎನ್ ಗಾಬ್ಲಿನ್ಸ್’ ಎಂಬ ಆಟವನ್ನು ಪ್ರಯಾಸಪಟ್ಟು ಕೊನೆ ಮುಟ್ಟಿಸಿದರೆ, ಇದೆಲ್ಲ ಮಾಯೆ ಎಂದು ಹೇಳಿ ಮತ್ತೆ ಮೊದಲಿನಿಂದ ಆಡಲು ಹಚ್ಚುತ್ತದೆ! ಅದರ ನಿಜವಾದ ಕೊನೆ ಎರಡನೆಯ ಸುತ್ತಿನ ಬಳಿಕ. ಆಟ ನಿಲ್ಲಿಸಿದ ಕಡೆಯಿಂದಲೇ ಮುಂದುವರಿಸುವ ಸೌಲಭ್ಯ ಹೆಚ್ಚಿನವುಗಳಲ್ಲಿ ಇರಲಿಲ್ಲ. ಎಷ್ಟೋ ಸಂಜೆ ಏಳನೆಯ ಲೋಕದ ಹೊಸ್ತಿಲಲ್ಲಿ ಕರೆಂಟು ಹೋಗಿ, ಅಷ್ಟೂ ಶ್ರಮ ಕತ್ತಲಲ್ಲಿ ಕರಗಿಹೋದದ್ದು ಆ ಕಾಲದ ಹುಡುಗರಿಗೆಲ್ಲ ನೆನಪಿರಬೇಕು.

ಆದರೂ ಆ ಕಷ್ಟದಲ್ಲಿ ಒಂದು ಪ್ರಾಮಾಣಿಕತೆ ಇದೆ. ಹಣ ಕೊಟ್ಟು ಜೀವ ಕೊಳ್ಳುವಂತಿಲ್ಲ. ನಡುವೆ ಜಾಹೀರಾತಿಲ್ಲ. ಆಟ ಕಲಿಸುವುದು ಸೋಲಿನ ಮೂಲಕ. ಎರಡು ಕಂಟ್ರೋಲರಿನ ತಂತಿ ಮೂರು ಮಾರು ಇರದ ಕಾರಣ ಆಡುವವರಿಬ್ಬರೂ ಒಂದೇ ಚಾಪೆಯ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂರಲೇಬೇಕು. ಸುತ್ತ ನಿಂತವರು ಸಲಹೆ ಕೊಡಲೇಬೇಕು. ನಮ್ಮ ಹುಡುಗ ಮೊದಲ ದಿನ ಹತ್ತು ನಿಮಿಷದಲ್ಲಿ ಬೇಸತ್ತು ಎದ್ದುಹೋದ. ಮೂರನೆಯ ದಿನ ಅವನೇ ನನ್ನನ್ನು ಎಳೆದು ತಂದು ಕೂರಿಸಿದ.

ಈ ಆಟಗಳು ಮುಗಿದ ಅಧ್ಯಾಯವಲ್ಲ ಎಂಬುದಕ್ಕೆ ಒಂದು ಉದಾಹರಣೆ ಸಾಕು. ರಷ್ಯದ ಅಲೆಕ್ಸಿ ಪಾಜಿಟ್‌ನೊವ್ 1984ರಲ್ಲಿ ರೂಪಿಸಿದ ‘ಟೆಟ್ರಿಸ್’ ನಿಂಟೆಂಡೊ ಯಂತ್ರಕ್ಕೆ 1989ರಲ್ಲಿ ಬಂತು. ಇಪ್ಪತ್ತೊಂಬತ್ತನೆಯ ಹಂತದಲ್ಲಿ ತುಂಡುಗಳು ಬೀಳುವ ವೇಗ ಮನುಷ್ಯನ ಕೈಗೆ ಮೀರಿದ್ದು, ಅಲ್ಲಿಗೆ ಆಟ ಮುಗಿಯಿತು ಎಂದೇ ಬಹುಕಾಲ ಎಲ್ಲರೂ ತಿಳಿದಿದ್ದರು. ಆಮೇಲೆ ಹೊಸ ತಲೆಮಾರಿನ ಹುಡುಗರು ಗುಂಡಿಯನ್ನು ಮೇಲಿನಿಂದ ಒತ್ತುವ ಬದಲು ಕಂಟ್ರೋಲರಿನ ಬೆನ್ನನ್ನು ಬೆರಳುಗಳಿಂದ ಸರಸರ ತಟ್ಟುವ ತಂತ್ರ ಕಂಡುಕೊಂಡರು. 2023ರ ಡಿಸೆಂಬರ್ 21ರಂದು ಅಮೆರಿಕದ 13 ವರ್ಷದ ಬಾಲಕನೊಬ್ಬ 157ನೆಯ ಹಂತ ಮುಟ್ಟಿದ. ಆಟವೇ ತಡೆಯಲಾರದೆ ಸ್ತಬ್ಧವಾಯಿತು. ಆಟ ಹೊರಬಂದ 34 ವರ್ಷಗಳ ನಂತರ, ಅದು ಬಂದಾಗ ಹುಟ್ಟಿಯೇ ಇರದ ಹುಡುಗ ಅದರ ಕೊನೆಯನ್ನು ಕಂಡ ಮೊದಲ ಮನುಷ್ಯನಾದ. ಆ ಯಂತ್ರ, ಆ ಕ್ಯಾಸೆಟ್ ಉಳಿದಿರದಿದ್ದರೆ?

ಅಳಿಯುತ್ತಿರುವುದು ಎಷ್ಟು?

ಅಮೆರಿಕದ ‘ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್’ ಎಂಬ ಸಂಸ್ಥೆ 2023ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಆ ದೇಶದಲ್ಲಿ 2010ಕ್ಕಿಂತ ಮೊದಲು ಬಿಡುಗಡೆಯಾದ ಆಟಗಳಲ್ಲಿ ಶೇಕಡ 87ರಷ್ಟು ಅಂಗಡಿಯಲ್ಲಾಗಲಿ ಅಧಿಕೃತ ಮರುಮುದ್ರಣದಲ್ಲಾಗಲಿ ಸಿಗುವುದಿಲ್ಲ ಎಂಬುದು ಅದರ ತೀರ್ಮಾನ. ಉಳಿದದ್ದು ಶೇಕಡ 13 ಮಾತ್ರ. ಬೇಕೆಂದವನು ಹಳೆಯ ಯಂತ್ರ, ಹಳೆಯ ಕ್ಯಾಸೆಟ್ ಹುಡುಕಿ ದುಬಾರಿ ಬೆಲೆ ತೆರಬೇಕು. ಇಲ್ಲವೆ ಗ್ರಂಥಾಲಯ ಇರುವ ಊರಿಗೆ ಪ್ರಯಾಣ ಮಾಡಬೇಕು. ಅದೂ ಇಲ್ಲವೆಂದರೆ ಅಕ್ರಮ ನಕಲಿಗೆ ಕೈಹಾಕಬೇಕು.

ಕನ್ನಡಿಗರಿಗೆ ಈ ಸಂಕಟ ಹೊಸದಲ್ಲ. ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆಕಂಡಿತು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ತಯಾರಿಸಿದವರಿಗೆ ಅದು ಆ ವರ್ಷದ ವ್ಯಾಪಾರ. ಮುಂದೊಂದು ದಿನ ಅದು ಚರಿತ್ರೆಯಾಗುತ್ತದೆಂದು ಯಾರೂ ಎಣಿಸಿರಲಿಲ್ಲ. ವಿಡಿಯೊ ಗೇಮುಗಳ ವಿಷಯದಲ್ಲೂ ಆಗುತ್ತಿರುವುದು ಇದೇ. ಜಪಾನಿನಲ್ಲಿ 1995ರಿಂದ 2000ದವರೆಗೆ ‘ಸ್ಯಾಟೆಲ್ಲಾವ್ಯೂ’ ಎಂಬ ಸಾಧನದ ಮೂಲಕ ಉಪಗ್ರಹದಿಂದ ಆಟಗಳನ್ನು ಪ್ರಸಾರ ಮಾಡುತ್ತಿದ್ದರು. ಆಟದ ಜೊತೆಗೆ ನಿರೂಪಕರ ಧ್ವನಿಯೂ ರೇಡಿಯೊದಂತೆ ಬರುತ್ತಿತ್ತು. ಪ್ರಸಾರ ನಿಂತ ಮೇಲೆ ಅವುಗಳಲ್ಲಿ ಎಷ್ಟೋ ಗಾಳಿಯಲ್ಲಿ ಹೋದವು. ಕೆಲವು ಮಾತ್ರ ಅಭಿಮಾನಿಗಳ ಮನೆಯ ಸ್ಮರಣೆ ಕಾರ್ಡುಗಳಲ್ಲಿ ಉಳಿದು ಸಿಕ್ಕಿವೆ. ನೆನಪಿಟ್ಟುಕೊಳ್ಳಲು ಬ್ಯಾಟರಿ ಹಾಕಿದ್ದ ‘ಜೆಲ್ಡಾ’ದಂಥ ಕ್ಯಾಸೆಟ್ಟುಗಳಲ್ಲಿ ಆ ಗುಂಡು ಬ್ಯಾಟರಿ ಒಂದೊಂದಾಗಿ ಸಾಯುತ್ತಿದೆ. ಬ್ಯಾಟರಿಯೊಂದಿಗೆ ಯಾವುದೋ ಹುಡುಗ ಮೂವತ್ತು ವರ್ಷ ಹಿಂದೆ ಆಡಿ ಉಳಿಸಿದ್ದೂ ಹೋಗುತ್ತದೆ.

ಉಳಿಸುವವರು ಯಾರು? ಕಂಪನಿಗಳು ಏನೂ ಮಾಡಿಲ್ಲವೆಂದರೆ ತಪ್ಪಾದೀತು. ನಿಂಟೆಂಡೊ 2016ರಲ್ಲಿ 30 ಹಳೆಯ ಆಟಗಳನ್ನು ತುಂಬಿದ ಅಂಗೈಯಗಲದ ಯಂತ್ರವನ್ನು ಮಾರಿತು. ಜನ ಮುಗಿಬಿದ್ದು ಕೊಂಡರು. ಆದರೆ ಅವರು ಉಳಿಸುವುದು ಮಾರಾಟವಾಗುವ ಹೆಸರುಗಳನ್ನು. ಹೆಸರಿಲ್ಲದ ನೂರಾರು ಆಟಗಳಿಗೆ ಗತಿಯಿಲ್ಲ. ಕಂಪನಿಯ ಅಂಗಡಿಯೂ ಶಾಶ್ವತವಲ್ಲ. 2023ರ ಮಾರ್ಚ್ 27ರಂದು ನಿಂಟೆಂಡೊದ ಎರಡು ಹಿಂದಿನ ಯಂತ್ರಗಳ ಆನ್‌ಲೈನ್ ಅಂಗಡಿ ಮುಚ್ಚಿದಾಗ, ಅಲ್ಲಿ ಮಾತ್ರ ಸಿಗುತ್ತಿದ್ದ ಆಟಗಳನ್ನು ಕೊಳ್ಳುವ ದಾರಿಯೇ ಮುಚ್ಚಿತು.

ನಿಜವಾಗಿ ಈ ಚರಿತ್ರೆಯನ್ನು ಕಾಯುತ್ತ ಬಂದವರು ಹವ್ಯಾಸಿಗಳು. ಹಳೆಯ ಯಂತ್ರದ ನಡವಳಿಕೆಯನ್ನು ಹೊಸ ಕಂಪ್ಯೂಟರಿನಲ್ಲಿ ಅನುಕರಿಸುವ ‘ಎಮ್ಯುಲೇಟರ್’ ಎಂಬ ತಂತ್ರಾಂಶಗಳನ್ನು ಬರೆದವರಲ್ಲಿ ಬಹುಪಾಲು ಅವರೇ. ಕ್ಯಾಸೆಟ್ಟುಗಳ ಒಳಗಿನದನ್ನು ಒಂದೊಂದಾಗಿ ನಕಲಿಸಿ ಜೋಪಾನ ಮಾಡಿದವರೂ ಅವರೇ. ಇಂಥ ತಂತ್ರಾಂಶ ತಯಾರಿಸುವುದು ತಾನಾಗಿ ಅಪರಾಧವಲ್ಲ ಎಂಬರ್ಥದ ತೀರ್ಪು ಅಮೆರಿಕದ ನ್ಯಾಯಾಲಯದಲ್ಲಿ 2000ದಲ್ಲಿ ಬಂದಿದೆ. ಆಟದ ನಕಲು ಮಾತ್ರ ಹಕ್ಕುಸ್ವಾಮ್ಯದ ಪ್ರಶ್ನೆ. ಸಂಶೋಧಕರಿಗೆ ದೂರದಿಂದಲೇ ಹಳೆಯ ಆಟಗಳನ್ನು ಕೊಡಲು ಗ್ರಂಥಾಲಯಗಳಿಗೆ ವಿನಾಯಿತಿ ಬೇಕೆಂಬ ಮನವಿಯನ್ನು ಅಮೆರಿಕದ ಹಕ್ಕುಸ್ವಾಮ್ಯ ಕಚೇರಿ 2024ರ ಅಕ್ಟೋಬರಿನಲ್ಲಿ ತಳ್ಳಿಹಾಕಿತು. ಜನ ಸಂಶೋಧನೆಯ ನೆಪದಲ್ಲಿ ಮನರಂಜನೆಗಾಗಿ ಆಡಿಬಿಟ್ಟಾರು ಎಂಬುದು ಆ ಭಯದ ಒಂದು ಭಾಗ!

ಇಲ್ಲಿ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಬೇಕು. ದುಡಿದವರ ಹಕ್ಕು ದುಡಿದವರಿಗೆ ಸಲ್ಲಬೇಕು. ಇಂದು ಮಾರಾಟದಲ್ಲಿರುವ ಆಟವನ್ನು ಕದ್ದು ಆಡುವುದು ಕಳವೇ. ಆದರೆ ಮಾರುವವನೂ ಇಲ್ಲದ, ಮಾರುವ ಉದ್ದೇಶವೂ ಇಲ್ಲದ ಆಟವನ್ನು ಬೀಗ ಹಾಕಿ ಕೊಳೆಯಲು ಬಿಡುವ ಹಕ್ಕು ಯಾರಿಗೂ ಇರಬಾರದು. ಪುಸ್ತಕ ಮುದ್ರಣದಲ್ಲಿಲ್ಲದಿದ್ದರೂ ಗ್ರಂಥಾಲಯದಲ್ಲಿ ಸಿಗುತ್ತದೆ. ಓದುವವನು ಸಂತೋಷಕ್ಕೆ ಓದುತ್ತಾನೋ ಸಂಶೋಧನೆಗೋ ಎಂದು ಗ್ರಂಥಪಾಲಕ ಕೇಳುವುದಿಲ್ಲ. ಆಟಕ್ಕೂ ಅದೇ ನ್ಯಾಯ ಸಲ್ಲಬೇಕು. ಆಡದೆ ಆಟವನ್ನು ತಿಳಿಯುವ ಬೇರೆ ದಾರಿ ಇಲ್ಲ. ನಕಲಿನ ಬಾಗಿಲಿನಿಂದಲೇ ಈ ಲೋಕಕ್ಕೆ ಕಾಲಿಟ್ಟ ನಮ್ಮಂಥವರು ಈ ಮಾತು ಹೇಳುವಾಗ ಸ್ವಲ್ಪ ಸಂಕೋಚ ಪಡಬೇಕು, ನಿಜ. ಆದರೆ ಆ ನಕಲು ಇಲ್ಲದಿದ್ದರೆ ಈ ಊರುಗಳ ಒಂದು ತಲೆಮಾರಿಗೆ ಆ ಆಟಗಳ ನೆನಪೇ ಇರುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ನಮ್ಮಲ್ಲಿ ಮಾಡಬಹುದಾದ ಕೆಲಸ ಸಣ್ಣದು. ಅಟ್ಟದ ಪೆಟ್ಟಿಗೆಯನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಬಿಚ್ಚಿ ನೋಡಿ. ಕ್ಯಾಸೆಟ್ಟನ್ನು ಊದಬೇಡಿ, ಸ್ಪಿರಿಟ್ ಅದ್ದಿದ ಹತ್ತಿಯಿಂದ ಹಲ್ಲುಗಳನ್ನು ಒರೆಸಿ, ಒಣಗಿಸಿ. ಯಾವ ವರ್ಷ ಕೊಂಡದ್ದು, ಯಾರು ಯಾರು ಆಡಿದರು, ಆ ಆಟಗಳನ್ನು ನೀವು ಯಾವ ಹೆಸರಿನಿಂದ ಕರೆಯುತ್ತಿದ್ದಿರಿ ಎಂದು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯಲ್ಲಿಡಿ. ನಕಲು ಯಂತ್ರಗಳ ಚರಿತ್ರೆಯನ್ನು ಯಾವ ಕಂಪನಿಯೂ ಬರೆಯುವುದಿಲ್ಲ.

ನಮ್ಮ ಬಾತುಕೋಳಿಯ ಕಥೆ ಹೇಳಿ ಮುಗಿಸುತ್ತೇನೆ. ರಜೆ ಮುಗಿಯುವ ಮುನ್ನ ಪೇಟೆಯ ಟಿವಿ ರಿಪೇರಿ ಅಂಗಡಿಯ ಮೂಲೆಯಲ್ಲಿ ಧೂಳು ಹಿಡಿದ ಒಂದು ಟ್ಯೂಬಿನ ಟಿವಿ ಸಿಕ್ಕಿತು. ‘ಇದನ್ನ ತಗೊಂಡು ಏನ್ ಮಾಡ್ತೀರಾ ಸಾರ್, ಟ್ಯೂಬ್ ಹೋದ್ರೆ ಬೇರೆ ಸಿಗಲ್ಲ’ ಎಂದರು ಅಂಗಡಿಯವರು. ಇಬ್ಬರು ಹಿಡಿದು ಆಟೋಗೆ ಏರಿಸಿದೆವು. ಸಂಜೆ ಹುಡುಗ ಬಂದೂಕು ಎತ್ತಿದ. ಪರದೆ ಮಿಣುಕಿತು. ಕೋಳಿ ಒಂದು ಕ್ಷಣ ಗಾಳಿಯಲ್ಲಿ ತಡವರಿಸಿ ದೊಪ್ಪನೆ ಬಿತ್ತು. ನಾಯಿ ಅದನ್ನು ಎತ್ತಿ ಹಿಡಿದು ತೋರಿಸಿತು. ‘ಬಿತ್ತು ಮಾಮ!’ ಎಂದು ಅವನು ಕುಣಿದ. ಒಳಗಿನಿಂದ ಅವನ ಅಜ್ಜಿ, ‘ಮತ್ತೆ ಶುರುವಾಯ್ತಾ ನಿಮ್ಮ ಗಲಾಟೆ’ ಎಂದರು. ಮೂವತ್ತು ವರ್ಷದ ಹಿಂದೆಯೂ ಅವರು ಅದೇ ಮಾತು ಹೇಳಿದ್ದರು.